ಮೊದಲ ವಾರ ಬ್ರಷ್ ಬೇಡ

ಮಾರ್ಚ್ ೪

ಮಗಳಿಗೆ,

ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ನಾನೂ ಇದ್ದೇನೆ. ನಿನ್ನ ಕಾಗದ ಕೈಸೇರಿ ಹತ್ತೊಂಬತ್ತು ದಿನವಾಯಿತು, ಉತ್ತರ ತಡವಾದದ್ದಕ್ಕೆ ತಪ್ಪು ತಿಳಿಯಬೇಡ. ಅಂಗಡಿಗೆ ಸ್ನಾನಕ್ಕೆ, ಕೂದಲು ಕತ್ತರಿಸಲು ಬರುವ ನಾಯಿಗಳು ಹೆಚ್ಚಿದ್ದವು ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು. ಕಾಗದವನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಿದೆ. ಒಂದು ದಿನ ದೊಡ್ಡ ನಾಯಿಯೊಂದು ತೊಟ್ಟಿಯಿಂದ ಎದ್ದು ಮೈ ಕೊಡವಿದ್ದಕ್ಕೆ ನಾನೂ ನಿನ್ನ ಕಾಗದವೂ ತೊಯ್ದು ತೊಪ್ಪೆಯಾದೆವು. ಡ್ರೈಯರ್ ಹಿಡಿದು ಒಣಗಿಸಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ, ಇದ್ದದ್ದೇ ಆರು ಸಾಲು.

ಹದಿಮೂರು ವರ್ಷದ ಮೇಲೆ ಆರು ಸಾಲು. ಅದರಲ್ಲೂ ‘ಅಮ್ಮ’ ಎಂಬ ಮಾತಿಲ್ಲ. ‘ನಮ್ಮ ಮನೆಗೆ ಒಂದು ನಾಯಿಮರಿ ಬಂದಿದೆ, ಉದ್ದ ಕೂದಲಿನದು, ಹತ್ತು ವಾರದ್ದು. ಬ್ರಷ್ ಕಂಡರೆ ಮಂಚದ ಕೆಳಗೆ ನುಗ್ಗುತ್ತದೆ. ಮರಿಗಳ ವಿಷಯದಲ್ಲಿ ನಿನ್ನಷ್ಟು ತಿಳಿದವರಿಲ್ಲ ಎಂದು ಈಗಲೂ ಹೇಳುತ್ತಾರಂತೆ. ಹೇಗೆ ಅಭ್ಯಾಸ ಮಾಡಿಸಬೇಕು, ಬರೆದು ತಿಳಿಸು.’ ಇಷ್ಟೇ. ಎರಡು ವರ್ಷದ ಹಿಂದೆ ನನ್ನ ಗರ್ಭಕೋಶ ತೆಗೆದು ಹಾಕಿದರು. ಆಸ್ಪತ್ರೆಯವರು ಹತ್ತಿರದ ಸಂಬಂಧಿಯ ಹೆಸರು ಕೇಳಿದಾಗ ದಪ್ಪಕ್ಕನ ಹೆಸರು ಬರೆಸಿದೆ. ನೀನು ಒಂಬತ್ತು ತಿಂಗಳು ಬಾಡಿಗೆಯಿಲ್ಲದೆ ಇದ್ದ ಜಾಗ ಅದು, ಅದೀಗ ಇಲ್ಲ ಎಂದು ನಿನಗೂ ತಿಳಿದಿರಲಿ ಎಂದು ಬರೆದೆ. ಹಂಗಿಸುತ್ತಿಲ್ಲ.

ದಪ್ಪಕ್ಕ ನೆನಪಿದ್ದಾಳಲ್ಲ, ನಾಯಿಗಳಿಗೆ ಸ್ನಾನ ಮಾಡಿಸುವವಳು. ಈಗಲೂ ಅದೇ ತೊಟ್ಟಿಯ ಮುಂದೆ ನಿಂತಿದ್ದಾಳೆ. ಇಪ್ಪತ್ತೆರಡು ವರ್ಷವಾಯಿತು. ಸೋಪಿನ ನೀರಲ್ಲಿ ನಿಂತೂ ನಿಂತೂ ಒಣಗಿದ ಕಡ್ಡಿಯ ಹಾಗಾಗಿದ್ದಾಳೆ, ಹೆಸರು ಮಾತ್ರ ದಪ್ಪಗೇ ಉಳಿದಿದೆ.

ಈಗ ನಿನ್ನ ಮರಿಯ ವಿಷಯ. ಮೊದಲ ವಾರ ಬ್ರಷ್ ಬೇಡ. ಅದನ್ನು ಎಲ್ಲಾದರೂ ಒಳಗಿಡು. ಬರಿಗೈ ಸಾಕು. ಮರಿ ಉಂಡು, ಆಡಿ, ಸುಸ್ತಾಗಿ ತಾನೇ ನಿನ್ನ ತೊಡೆಗೆ ಬಂದಾಗ ಬೆನ್ನಿನ ಮೇಲೆ ಕೈಯಿಡು, ತೆಗೆ. ಬೇಯಿಸಿದ ಕೋಳಿಯ ಚೂರು ಬಾಯಿಗೆ ಕೊಡು. ಕಿವಿಯ ಹೊರಗೆ ಮುಟ್ಟು, ತೆಗೆ, ಚೂರು ಕೊಡು. ಪಾದ ಹಿಡಿದು ಒಂದು ಎಣಿಸುವಷ್ಟರಲ್ಲಿ ಬಿಟ್ಟುಬಿಡು. ಅದು ಎಳೆದುಕೊಂಡ ಮೇಲೆ ಬಿಟ್ಟರೆ, ಎಳೆದುಕೊಂಡದ್ದರಿಂದಲೇ ಪಾರಾದೆ ಎಂದು ಕಲಿಯುತ್ತದೆ. ಅದು ಸಾಕು ಅನ್ನುವುದಕ್ಕೆ ಮುಂಚೆ ನೀನು ಸಾಕು ಅನ್ನಬೇಕು. ಇಡೀ ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಗಿರಾಕಿಗಳ ಮುಂದೆ ನಾವು ಆಡುವ ಆಟ.

ಎಂಟನೆಯ ದಿನ ಬ್ರಷ್ಷನ್ನು ನೆಲದ ಮೇಲೆ ಹಾಕಿ, ನೀನು ಬೇರೆ ಕೆಲಸ ನೋಡಿಕೊ. ಮರಿ ಬಂದು ಮೂಸಲಿ, ನೆಕ್ಕಲಿ. ಮೂಸಿದಾಗಲೆಲ್ಲ ಒಂದು ಚೂರು. ಆಮೇಲೆ ಬ್ರಷ್ಷಿನ ಬೆನ್ನಿನಿಂದ, ಹಲ್ಲಿನಿಂದಲ್ಲ, ಹೆಗಲ ಮೇಲೆ ಒಂದೇ ಸಲ ಸವರು. ಮರುದಿನ ಎರಡು ಸಲ. ಗಂಟು ಸಿಕ್ಕರೆ ಕೂದಲಿನ ಬುಡವನ್ನು ಬೆರಳಿನಲ್ಲಿ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತ ಬಾ, ಚರ್ಮಕ್ಕೆ ಜಗ್ಗು ತಗುಲಬಾರದು. ಮರಿ ಕಿರುಚಿತೋ, ನೀನು ಅವಸರ ಮಾಡಿದ್ದೀಯೆಂದು ಅರ್ಥ. ತಪ್ಪು ಮರಿಯದ್ದಲ್ಲ. ಚಿಕ್ಕಂದಿನಿಂದಲೂ ನಿನಗೆ ತಾಳ್ಮೆ ಕಡಿಮೆ, ಅದಕ್ಕೇ ಒತ್ತಿ ಬರೆಯುತ್ತಿದ್ದೇನೆ.

ಮರಿಗೆ ಒಳ್ಳೆಯದಾಗಲಿ. ನಿನಗೂ.

ನಿನ್ನ ಅಮ್ಮ

ಬರೆಯಲು ಮರೆತದ್ದು: ‘ನಮ್ಮ ಮನೆ’ ಎಂದಿದ್ದೀಯ. ನಮ್ಮ ಎಂದರೆ ಯಾರು ಯಾರು?

*

ಮಾರ್ಚ್ ೨೭

ಮಗಳಿಗೆ,

ನಿನ್ನ ಎರಡನೆಯ ಕಾಗದ ಸಿಕ್ಕಿತು. ಈ ಸಲ ಬೇಗ ಬರೆಯಬೇಕೆಂದುಕೊಂಡಿದ್ದೆ, ಅಂಗಡಿಯಲ್ಲಿ ಒಂದು ರಾದ್ಧಾಂತವಾಗಿ ಮನಸ್ಸು ನೆಟ್ಟಗಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ನನ್ನ ಪ್ರಶ್ನೆಗೆ ನೀನು ಉತ್ತರ ಕೊಟ್ಟಿಲ್ಲ, ಅದನ್ನು ಗಮನಿಸಿದ್ದೇನೆ.

ಬರಿಗೈಗೆ ಮರಿ ಒಗ್ಗಿದೆ, ಬ್ರಷ್ಷಿನ ಬೆನ್ನಿಗೂ ಒಗ್ಗಿದೆ, ಆದರೆ ಕತ್ತಿನ ಹತ್ತಿರ ಕೈ ಹೋದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತದೆ ಎಂದು ಬರೆದಿದ್ದೀಯ. ಮೊದಲಿನ ಮನೆಯವರು ಯಾರೋ ಕತ್ತಿನ ಚರ್ಮ ಹಿಡಿದು ಎತ್ತಿ, ಗಂಟುಗಳನ್ನೆಲ್ಲ ಕತ್ತರಿಯಲ್ಲಿ ಕಚಕಚನೆ ಕತ್ತರಿಸಿದ್ದರಂತೆ. ‘ಒಂದು ಸಲ ಹಿಂಸೆಯಾದ ಮರಿ ಅದನ್ನು ಮರೆಯುತ್ತದೆಯೇ? ಎಷ್ಟು ದಿನ ಬೇಕು?’ ಎಂದು ಕೇಳಿದ್ದೀಯ.

ಮೂವತ್ತು ವರ್ಷ ಈ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಮರೆಯುವುದಿಲ್ಲ. ಮರೆಯಿತು ಅನ್ನುವವರು ಗಿರಾಕಿಯನ್ನು ಸಮಾಧಾನ ಮಾಡುತ್ತಿರುತ್ತಾರೆ. ಆ ಒಂದು ದಿನದ ಮೇಲೆ ನೀನು ನೂರು ಒಳ್ಳೆಯ ದಿನ ಹೇರಬಹುದು, ಅಷ್ಟೆ. ಅಡಿಯಲ್ಲಿ ಅದು ಇದ್ದೇ ಇರುತ್ತದೆ. ಕತ್ತಿಗೆ ಹೋಗಬೇಡ. ಎದೆಯ ಕೆಳಗಿನಿಂದ ಬಾ, ಅದಕ್ಕೆ ನಿನ್ನ ಕೈ ಬರುವುದು ಕಾಣಿಸುವ ಹಾಗೆ. ಇವತ್ತು ಎದೆ, ನಾಲ್ಕು ದಿನ ಬಿಟ್ಟು ಗಂಟಲಿನ ಬುಡ, ಮತ್ತೆ ನಾಲ್ಕು ದಿನ ಬಿಟ್ಟು ದವಡೆ. ಉಚ್ಚೆ ಹೊಯ್ದರೆ ಗದರಬೇಡ, ಮುಖವನ್ನೂ ಸಿಂಡರಿಸಬೇಡ. ಸದ್ದಿಲ್ಲದೆ ಒರೆಸಿ ಎರಡು ಹೆಜ್ಜೆ ಹಿಂದಕ್ಕೆ ಹೋಗು.

ಈಗ ರಾದ್ಧಾಂತದ ವಿಷಯ. ಮೂಲೆಯ ಔಷಧಿ ಅಂಗಡಿಯಾಕೆ ನಾಲ್ಕು ತಿಂಗಳ ಬಿಳಿ ಮರಿಯೊಂದನ್ನು ತಂದಿದ್ದಳು. ನಾನು ಬೆರಳು ಮುಟ್ಟಿಸಿದ್ದಷ್ಟೇ, ಮರಿ ಗುರ್ರೆಂದಿತು. ಆಕೆ ಟೇಬಲ್ಲಿನ ಮೇಲಿದ್ದ ಉಕ್ಕಿನ ಬಾಚಣಿಗೆ ತೆಗೆದುಕೊಂಡು ಅದರ ಮೂಗಿನ ಮೇಲೆ ಫಟ್ಟೆಂದು ಬಾರಿಸಿದಳು. ‘‘ಸೊಕ್ಕು ಇದಕ್ಕೆ. ಎರಡು ಬಿದ್ರೆ ಸರಿಹೋಗುತ್ತೆ’’ ಎಂದಳು.

ನಾನು ಬಾಚಣಿಗೆ ಕಿತ್ತುಕೊಂಡೆ. ‘‘ನಾಲ್ಕು ತಿಂಗಳ ಮರಿಗೆ ಸೊಕ್ಕು ಎಲ್ಲಿಂದ ಬರುತ್ತೆ. ಅದಕ್ಕಿರೋದು ಭಯ. ಸೊಕ್ಕು ನಿಮಗಿದೆ. ಹೊಡೆಯೋ ಕೈ ಇಟ್ಕೊಂಡು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ’’ ಎಂದೆ. ಆಕೆ ಕೆಂಪಾಗಿ ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದಳು. ಬೆಂಚಿನ ಮೇಲೆ ನಾಲ್ಕೈದು ಗಿರಾಕಿಗಳಿದ್ದರು. ನಿವೃತ್ತ ಪೋಸ್ಟ್ ಮಾಸ್ಟರು ತಮ್ಮ ಮುದಿ ನಾಯಿಯ ತಲೆ ಸವರುತ್ತ, ‘‘ಪ್ರಾಣಿಗಳಿಗೇ ಇಷ್ಟು ಕರುಣೆ ತೋರಿಸೋವ್ರು, ಹೆತ್ತ ಮಕ್ಕಳನ್ನ ಇನ್ನು ಹೇಗೆ ಸಾಕಿರಬೇಡ’’ ಎಂದರು. ಹೊಗಳಿಸಿಕೊಂಡರೆ ಯಾರಿಗೆ ಕಹಿ. ನಾನು ನಕ್ಕೆ.

ತೊಟ್ಟಿಯ ಮುಂದೆ ಬಗ್ಗಿಕೊಂಡಿದ್ದ ದಪ್ಪಕ್ಕ ತಲೆಯೆತ್ತದೆ ಹೇಳಿದಳು: ‘‘ಚೆನ್ನಾಗೇ ಸಾಕಿದ್ರು. ಇದೇ ಟೇಬಲ್ ಮೇಲೆ.’’

ಪೋಸ್ಟ್ ಮಾಸ್ಟರಿಗೆ ಅರ್ಥವಾಗಲಿಲ್ಲ, ಆದರೆ ಅರ್ಥವಾಗದ್ದನ್ನೇ ಜನ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ. ನಾನು ತೊಟ್ಟಿಯ ಹತ್ತಿರ ಹೋಗಿ ನಲ್ಲಿ ನಿಲ್ಲಿಸಿದೆ. ‘‘ಏಪ್ರನ್ ಬಿಚ್ಚು’’ ಎಂದೆ. ಅವಳ ಕೈ ತುಂಬ ನೊರೆ. ಹಾಗಾಗಿ ಬೆನ್ನಿನ ಗಂಟನ್ನು ನಾನೇ ಬಿಚ್ಚಿದೆ, ಗಿರಾಕಿಗಳೆಲ್ಲ ನೋಡುತ್ತಿದ್ದ ಹಾಗೆಯೇ. ‘‘ನಾಳೆಯಿಂದ ಬರಬೇಡ.’’ ಅವಳು ಕೈ ತೊಳೆದುಕೊಂಡು, ತೊಟ್ಟಿಯಲ್ಲಿದ್ದ ನಾಯಿಯ ಕಣ್ಣಿಗೆ ಸೋಪು ಇಳಿಯದ ಹಾಗೆ ಒಂದು ಬಟ್ಟೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಬೇಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಬೇಡಿಕೊಂಡಿದ್ದರೆ ಇಟ್ಟುಕೊಳ್ಳುತ್ತಿದ್ದೆನೋ ಏನೋ.

ಈಗ ಸ್ನಾನವೂ ನಾನೇ, ಕತ್ತರಿಯೂ ನಾನೇ. ನನ್ನ ಪರಿಸ್ಥಿತಿ ಹೀಗಿರುವಾಗ ನಿನ್ನ ಮರಿಯ ಬಗ್ಗೆ ಎರಡು ಪುಟ ಬರೆದಿದ್ದೇನೆ, ಅದನ್ನಾದರೂ ತಿಳಿದುಕೊ.

ಮರಿಯನ್ನು ಚೆನ್ನಾಗಿ ನೋಡಿಕೊ. ದೇವರು ನಿನಗೆ ತಾಳ್ಮೆ ಕೊಡಲಿ.

ನಿನ್ನ ಅಮ್ಮ

ಬರೆಯಲು ಮರೆತದ್ದು: ‘ಎಷ್ಟು ದಿನ ಬೇಕು’ ಎಂದು ನೀನು ಕೇಳಿದ್ದು ಮರಿಯ ಬಗ್ಗೆ ಮಾತ್ರ ಎಂದು ತಿಳಿದೇ ಉತ್ತರ ಬರೆದಿದ್ದೇನೆ.

*

ಏಪ್ರಿಲ್ ೧೯

ಪ್ರೀತಿಯ ಮಗಳಿಗೆ,

ಈ ಸಲ ನಿನ್ನ ಕಾಗದ ಕನ್ನಡಕದ ಅಂಗಡಿಯೊಂದರ ವಿಳಾಸ ಅಚ್ಚಾದ ಲಕೋಟೆಯಲ್ಲಿ ಬಂತು, ನೀನು ಕೆಲಸ ಮಾಡುವ ಜಾಗವಿರಬೇಕು. ಪೋಸ್ಟ್ ಬಾಕ್ಸ್ ಸಂಖ್ಯೆಯ ಹಿಂದೆ ಎಷ್ಟು ದಿನ ಅವಿತುಕೊಂಡಿರುತ್ತೀಯ ಎಂದುಕೊಂಡಿದ್ದೆ. ಮನೆಯಲ್ಲಿ ಬೇರೆ ಲಕೋಟೆ ಮುಗಿದಿತ್ತೋ, ಬೇಕೆಂದೇ ಕಳಿಸಿದೆಯೋ, ಎರಡನೆಯದೇ ಎಂದು ನಾನು ತಿಳಿದಿದ್ದೇನೆ.

ಮರಿ ಈಗ ಮಗ್ಗುಲಾಗಿ ಮಲಗಿ ಹೊಟ್ಟೆಯನ್ನೂ ಬ್ರಷ್ ಮಾಡಿಸಿಕೊಳ್ಳುತ್ತದೆ, ದವಡೆ ಮುಟ್ಟಿದರೂ ಅಲ್ಲಾಡುವುದಿಲ್ಲ ಎಂಬುದನ್ನು ಓದಿ ಸಂತೋಷವಾಯಿತು. ಆರು ವಾರಕ್ಕೆ ಇದು ದೊಡ್ಡದು. ನಿನ್ನ ಬೆನ್ನು ತಟ್ಟಬೇಕು ಅನ್ನಿಸಿತು.

ಅದೇ ಕಾಗದದ ಕೊನೆಯಲ್ಲಿ ನೀನು ಬರೆದದ್ದು ಮಾತ್ರ ಮುಖಕ್ಕೆ ಹೊಡೆದ ಹಾಗಿತ್ತು: ‘ದಪ್ಪಕ್ಕನನ್ನು ಮತ್ತೆ ಕರೆದುಕೋ. ಆ ಸಂಜೆ ಶಟರ್ ಎತ್ತಿ ನನ್ನನ್ನು ಕಳಿಸಿದವಳು ಅವಳು.’

ಅವಳ ಮನೆಗೆ ಹೋದೆ. ಇರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದಾಳೆಂದು ಪಕ್ಕದವರು ಹೇಳಿದರು. ಅಲ್ಲಿಗೇ ಹೋದೆ. ದೊಡ್ಡ ಮೆಷಿನ್ನುಗಳ ನಡುವೆ ಬಿಳಿ ಹೊದಿಕೆಗಳನ್ನು ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಲಿಲ್ಲ.

‘‘ಅವಳಿಗೆ ಶಟರ್ ಎತ್ತಿದ್ದು ನೀನಾ?’’ ಎಂದು ಕೇಳಿದೆ.

‘‘ಹೂಂ. ನನ್ನ ಸ್ಕಾರ್ಫನ್ನೇ ತಲೆಗೆ ಕಟ್ಟಿ, ಅವಳ ಸೋದರತ್ತೆ ಊರಿನ ಬಸ್ಸಿಗೆ ಹತ್ತಿಸ್ದೆ.’’

‘‘ಆಮೇಲೆ ಹದಿಮೂರು ವರ್ಷ ದಿನಾ ಮಧ್ಯಾಹ್ನ ನನ್ನ ಎದುರು ಕೂತು ಊಟ ಮಾಡಿದ್ಯಲ್ಲ.’’

‘‘ಹಸಿವಾಗ್ತಿತ್ತು, ಮಾಡ್ದೆ.’’

‘‘ಆಪರೇಷನ್ ಆದಾಗ ನನ್ನ ಮಂಚದ ಪಕ್ಕ ಮಲಗಿದ್ದೆ.’’

‘‘ಯಾರಾದ್ರೂ ಮಲಗಬೇಕಿತ್ತಲ್ಲ ಅಕ್ಕ.’’

ಅವಳು ಇಷ್ಟು ವರ್ಷವೂ ವರ್ಷಕ್ಕೊಂದು ಕಾಗದ ನಿನಗೆ ಬರೆಯುತ್ತಿದ್ದಳಂತೆ, ನೀನೂ ಬರೆಯುತ್ತಿದ್ದೆಯಂತೆ. ನಾಯಿಗಳ ವಿಷಯದಲ್ಲಿ ನನ್ನ ಹೆಸರು ಹೇಳಿದವಳೂ ಅವಳೇ. ‘‘ಏನು ಬರೀತಾಳೆ ನನ್ನ ಮಗಳು?’’ ಎಂದೆ. ದಪ್ಪಕ್ಕ ಹೊದಿಕೆಯ ಮೂಲೆಗೆ ಮೂಲೆ ಸೇರಿಸಿ, ‘‘ನಿಮ್ಮ ವಿಷಯ ಇರಲ್ಲ’’ ಎಂದಳು.

ಆದರೂ ನಿನ್ನ ಮಾತು ನಡೆಸಿದೆ. ನಾಳೆಯಿಂದ ಬಾ ಎಂದೆ. ಅವಳು ಮೆಷಿನ್ನುಗಳ ಕಡೆ ಕೈ ತೋರಿಸಿ, ‘‘ಇಲ್ಲಿ ಯಾವುದೂ ಕಿರುಚಲ್ಲ ಅಕ್ಕ. ನಂಗೆ ಇದೇ ವಾಸಿ’’ ಎಂದಳು.

ಇಷ್ಟು ವರ್ಷ ಇಬ್ಬರೂ ಸೇರಿ ನನ್ನ ಬೆನ್ನ ಹಿಂದೆ ನಡೆಸಿದ್ದನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಹಾಗಾಗಿ ಆ ದಿನದ ಮಾತನ್ನೂ ಒಮ್ಮೆ ಬಾಯಿಬಿಟ್ಟು ಆಡಿ ಮುಗಿಸೋಣ.

ನಿನಗೆ ಆಗ ಹದಿನೇಳು. ಸ್ಕೂಲು ಬಿಟ್ಟ ಮೇಲೆ ಅಂಗಡಿಗೆ ಬಂದು ಡ್ರೈಯರ್ ಹಿಡಿಯುತ್ತಿದ್ದೆ. ನಿನ್ನ ಅಪ್ಪ ತೀರಿಕೊಂಡು ಐದು ವರ್ಷ, ಅಂಗಡಿ ಬಿಟ್ಟರೆ ನಮಗೆ ಬೇರೆ ಆಸರೆಯಿರಲಿಲ್ಲ. ವಕೀಲರ ಹೆಂಡತಿಯ ನಾಯಿಯ ಕಿವಿಗೆ ನನ್ನ ಕತ್ತರಿ ತಾಗಿತು. ಚಿಕ್ಕ ಗಾಯ. ರಕ್ತ ನಿಲ್ಲುವ ಪುಡಿ ಒತ್ತಿ, ‘‘ಕೆರೆದುಕೊಂಡು ಗಾಯ ಮಾಡ್ಕೊಂಡಿತ್ತು, ಔಷಧಿ ಹಾಕಿದೀನಿ’’ ಎಂದು ಹೇಳಿ ಕಳಿಸುವುದರಲ್ಲಿದ್ದೆ. ನೀನು ಎಲ್ಲರ ಮುಂದೆ, ‘‘ಇಲ್ಲ ಆಂಟಿ, ಅಮ್ಮನ ಕತ್ತರಿ ತಾಗಿದ್ದು’’ ಎಂದುಬಿಟ್ಟೆ. ಆಕೆ ನನ್ನನ್ನು ಕಳ್ಳಿಯನ್ನು ನೋಡಿದ ಹಾಗೆ ನೋಡಿದಳು. ವಾರದೊಳಗೆ ಅವಳ ಬೀದಿಯ ಗಿರಾಕಿಗಳೆಲ್ಲ ಬೇರೆ ಅಂಗಡಿ ಹುಡುಕಿಕೊಂಡರು.

ವಾರದ ಕೊನೆಯ ಸಂಜೆ ಶಟರ್ ಎಳೆದು, ಟೇಬಲ್ ಹತ್ತು ಎಂದೆ. ನೀನು ಹತ್ತಿದೆ. ಕ್ಲಿಪ್ಪರ್ ಮೆಷಿನ್ ಹಾಕಿ ನಿನ್ನ ತಲೆ ಬೋಳಿಸಿದೆ. ಸೊಂಟದ ತನಕ ಕೂದಲಿತ್ತು ನಿನಗೆ. ಸಿಟ್ಟು ನೆತ್ತಿಗೇರಿತ್ತು, ಏನು ಮಾಡುತ್ತಿದ್ದೇನೆ ಎಂಬ ಪ್ರಜ್ಞೆ ನನಗಿರಲಿಲ್ಲ. ಸಿಟ್ಟಿನಲ್ಲಿ ಯಾವ ತಾಯಿ ಮಕ್ಕಳ ಮೇಲೆ ಕೈ ಮಾಡಿಲ್ಲ, ಹೇಳು. ಕೂದಲು ಮತ್ತೆ ಬೆಳೆಯುವಂಥದ್ದು. ಕೈಯೋ ಕಾಲೋ ಮುರಿದಿದ್ದರೆ ನೀನು ಹೀಗೆ ಹದಿಮೂರು ವರ್ಷ ಮುಖ ತಿರುಗಿಸಿಕೊಂಡಿದ್ದರೂ ಒಪ್ಪುತ್ತಿದ್ದೆ.

ಆಯಿತು. ಆಡಿಯಾಯಿತು.

ಕತ್ತರಿ, ಕ್ಲಿಪ್ಪರಿನ ಬಗ್ಗೆ ಕೇಳಿದ್ದೀಯ. ಮೆಷಿನ್ನನ್ನು ಮೊದಲು ಪಕ್ಕದ ಕೋಣೆಯಲ್ಲಿ ಓಡಲು ಬಿಟ್ಟು ಬಾಗಿಲು ಮುಚ್ಚು, ಈ ಕಡೆ ಮರಿಗೆ ಊಟ ಕೊಡು. ದಿನದಿನಕ್ಕೆ ಬಾಗಿಲು ಸ್ವಲ್ಪ ಸ್ವಲ್ಪ ತೆರೆ. ಆಮೇಲೆ ಆರಿಸಿದ ಮೆಷಿನ್ನನ್ನು ಹೆಗಲಿಗೆ ತಾಗಿಸು, ಆಮೇಲೆ ಓಡುವ ಮೆಷಿನ್ನಿನ ಹಿಂಬದಿಯನ್ನು, ನಡುಕ ಮೈಗೆ ಗೊತ್ತಾಗಲಿ. ಆದರೆ ಮೊದಲ ಕತ್ತರಿ ಮಾತ್ರ ನೀನು ಹಾಕಬೇಡ. ಕಣ್ಣಿನ ಸುತ್ತ, ಪಾದದ ಬೆರಳುಗಳ ಸಂದು, ಅಲ್ಲಿ ಪಳಗಿದ ಕೈ ಬೇಕು. ಮೊದಲ ಸಲ ಕೆಟ್ಟರೆ ನೀನು ಪಟ್ಟ ಶ್ರಮವೆಲ್ಲ ನೀರುಪಾಲು. ನಾನೇ ಬರುತ್ತೇನೆ. ಮುಂದಿನ ತಿಂಗಳು ಆರನೆಯ ತಾರೀಕು ಅಂಗಡಿಗೆ ರಜೆ ಹಾಕುತ್ತೇನೆ. ನೀನು ಏನೂ ಮಾಡಬೇಕಿಲ್ಲ, ಒಂದು ಎತ್ತರದ ಮೇಜು, ಅದರ ಮೇಲೆ ಜಾರದ ಹಾಗೆ ರಬ್ಬರ್ ಹಾಸು ಇದ್ದರೆ ಸಾಕು.

ನಿನಗೆ ಸಕಲ ಸೌಖ್ಯವಾಗಲಿ.

ನಿನ್ನ ಅಮ್ಮ

ಬರೆಯಲು ಮರೆತದ್ದು: ಈಗ ಕೂದಲು ಉದ್ದ ಬಿಟ್ಟಿದ್ದೀಯಾ?

*

ಮೇ ೧೦

ಮಗಳಿಗೆ,

ನೀನು ಕ್ಷೇಮವಾಗಿರುವುದನ್ನು ಕಣ್ಣಾರೆ ಕಂಡು ಬಂದಿದ್ದೇನೆ, ಆದ್ದರಿಂದ ಕೇಳುವುದಿಲ್ಲ. ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ. ಕ್ಷಮಿಸು ಎಂಬುದನ್ನು ತಡವಾದದ್ದಕ್ಕೆ ಮಾತ್ರ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ.

‘ಬರಬೇಡ’ ಎಂಬ ನಿನ್ನ ಒಂದು ಮಾತಿನ ಕಾರ್ಡು ಹೊರಡುವ ಹಿಂದಿನ ದಿನವೇ ಸಿಕ್ಕಿತ್ತು. ಸಿಗಲಿಲ್ಲ ಎಂದು ಹೇಳಿಕೊಳ್ಳೋಣವೆಂದು ಅದನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ, ಕತ್ತರಿಗಳಿಗೆ ಸಾಣೆ ಹಿಡಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಕನ್ನಡಕದ ಅಂಗಡಿಯಲ್ಲಿ ನಿನ್ನ ಜೊತೆಯವನು, ‘‘ಅವರಿಗೆ ಇವತ್ತು ರಜ. ಹಿಂದಿನ ಬೀದಿ, ದರ್ಜಿ ಅಂಗಡಿ ಮೇಲಿನ ಮನೆ’’ ಎಂದ. ಯಾರು ಎಂದು ಕೇಳಿದ. ಅಮ್ಮ ಎಂದೆ. ಅವನು ಕಣ್ಣರಳಿಸಿದ. ಯಾಕೆಂದು ಆಗ ಗೊತ್ತಾಗಲಿಲ್ಲ.

ಮೆಟ್ಟಿಲ ಬುಡದಿಂದ ನನ್ನನ್ನು ಕಂಡದ್ದಷ್ಟೇ ನಿನಗೆ ಗೊತ್ತು. ಅದಕ್ಕೆ ಮುಂಚೆ ಹತ್ತು ನಿಮಿಷ ಏನು ನಡೆಯಿತು ಎಂದು ಬರೆಯುತ್ತೇನೆ, ಮಗುವನ್ನು ಬಯ್ಯಬೇಡ. ಅದರದೇನೂ ತಪ್ಪಿಲ್ಲ.

ಮೆಟ್ಟಿಲು ತಿರುಗುವ ಜಾಗದಲ್ಲಿ ಅವಳು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಬ್ರಷ್ ಹಿಡಿದು ಕೂತಿದ್ದಳು. ಆರು ವರ್ಷವಿರಬಹುದೇ? ಕೂದಲು ಬಿಚ್ಚಿತ್ತು, ಬೆನ್ನು ಮುಚ್ಚುವಷ್ಟಿತ್ತು. ಯಾರೂ ಹೇಳಬೇಕಿರಲಿಲ್ಲ, ಆ ಹಣೆ ನಮ್ಮ ಮನೆಯದು. ‘‘ಅಮ್ಮ ಹಾಲು ತರೋಕೆ ಹೋಗಿದಾಳೆ’’ ಎಂದಳು. ಕಾಯುತ್ತೇನೆ ಎಂದು ಎರಡು ಮೆಟ್ಟಿಲು ಕೆಳಗೆ ಕೂತೆ.

‘‘ಹತ್ತೀನ ಮುಟ್ಟಬೇಕಾ?’’ ಎಂದು ಕೇಳಿದಳು. ಮರಿಗೆ ಹತ್ತಿ ಎಂದು ಹೆಸರಿಟ್ಟಿದ್ದೀರಿ ಎಂದು ನೀನು ಬರೆದಿರಲಿಲ್ಲ. ನಾನು ಕೈ ಚಾಚಿದೆ. ಅವಳು ನನ್ನ ಮಣಿಕಟ್ಟು ಹಿಡಿದು ತಡೆದಳು. ‘‘ಮೇಲಿಂದ ಬರಬಾರದು. ಎದೆ ಹತ್ರ ಬನ್ನಿ, ಅದಕ್ಕೆ ಕೈ ಕಾಣಿಸಬೇಕು. ಈಗ ತೆಗೀರಿ. ಅದು ಸಾಕು ಅನ್ನೋಕ್ ಮುಂಚೆ ನಾವೇ ಸಾಕು ಅನ್ನಬೇಕು.’’

‘‘ಇದೆಲ್ಲ ಯಾರು ಹೇಳಿಕೊಟ್ಟರು?’’

‘‘ಅಮ್ಮ. ಅಮ್ಮಂಗೆ ಯಾವುದೋ ಅಂಗಡಿ ಹೆಂಗಸು ಕಾಗದ ಬರೀತಾರೆ. ತುಂಬಾ ಗೊತ್ತಂತೆ ಅವರಿಗೆ.’’

‘‘ನಿಂಗೆ ಅಜ್ಜಿ ಇಲ್ವಾ?’’ ಕೇಳಬಾರದಿತ್ತು. ಕೇಳಿದೆ.

‘‘ಅಪ್ಪನ ಅಮ್ಮ ಇದಾರೆ. ಅಮ್ಮನ ಅಮ್ಮ ಸತ್ತುಹೋಗಿದಾರೆ, ಅಮ್ಮ ಸ್ಕೂಲಲ್ಲಿದ್ದಾಗಲೇ.’’ ಇಷ್ಟು ಹೇಳಿ ಮರಿಯ ಪಾದ ಎತ್ತಿ, ಒಂದು ಎಣಿಸಿ, ಬಿಟ್ಟಳು.

ಅವಳ ಕೂದಲು ಮರಿಯ ಬಾಯಿಗೆ ಬರುತ್ತಿತ್ತು, ಅದು ಜಗಿಯುವುದಕ್ಕೆ ಹೊರಟಿತ್ತು. ಕಿವಿಯ ಹಿಂದೆ ಸಿಕ್ಕಿಸೋಣ ಎಂದು ನಾನು ಕೈ ಎತ್ತಿದೆ. ಅಷ್ಟೇ. ಆಣೆ ಮಾಡಿ ಹೇಳುತ್ತೇನೆ, ಅಷ್ಟೇ. ಅದೇ ಹೊತ್ತಿಗೆ ನೀನು ಬಂದೆ. ‘‘ಕೈ ತೆಗಿ’’ ಎಂದೆ. ಜೋರಾಗಿ ಹೇಳಲಿಲ್ಲ ನೀನು. ಮಗು ತನಗೆ ಹೇಳಿದ್ದೆಂದು ಬ್ರಷ್ ಕೆಳಗಿಟ್ಟಿತು.

ನೀನು ಹಾಲಿನ ಪಾತ್ರೆ ಹಿಡಿದುಕೊಂಡೇ ನನ್ನ ಪಕ್ಕದಿಂದ ಹತ್ತಿ ಹೋಗಿ ನನಗೂ ಅವಳಿಗೂ ನಡುವೆ ನಿಂತೆ. ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದೀಯ. ಕತ್ತಿನ ಹಿಂಭಾಗ ಪೂರ್ತಿ ಕಾಣುತ್ತದೆ. ‘‘ಯಾರಮ್ಮ ಇವರು?’’ ಎಂದು ಮಗು ಕೇಳಿತು. ‘‘ದಾರಿ ತಪ್ಪಿ ಬಂದಿದಾರೆ’’ ಎಂದೆ ನೀನು.

ನಾನು ಅಲ್ಲಿ ನಿಜ ಹೇಳಬಹುದಿತ್ತು. ಹದಿಮೂರು ವರ್ಷದ ಹಿಂದಿನ ನಾನಾಗಿದ್ದರೆ ಹೇಳುತ್ತಿದ್ದೆ, ನೀನು ಮಗುವಿನ ಮುಂದೆ ಸುಳ್ಳುಗಾರ್ತಿಯಾಗುವುದನ್ನು ನಿಂತು ನೋಡುತ್ತಿದ್ದೆ. ನಾಲಿಗೆಯ ತುದಿಗೂ ಬಂದಿತ್ತು. ನಿನ್ನ ಮುಖ ನೋಡಿದೆ. ಪಾತ್ರೆಯ ಹಾಲು ಅಲ್ಲಾಡುತ್ತಿತ್ತು. ಮೂವತ್ತು ವರ್ಷದ ಹೆಂಗಸು, ಒಂದು ಮಗುವಿನ ತಾಯಿ, ಐವತ್ತಾರರ ಮುದುಕಿಯೊಬ್ಬಳು ಎರಡು ಮೆಟ್ಟಿಲು ಕೆಳಗೆ ಕೂತಿದ್ದಕ್ಕೆ ನೀನು ನಡುಗುತ್ತಿದ್ದೆ. ‘‘ಹೌದು, ತಪ್ಪಿ ಬಂದೆ’’ ಎಂದೆ ನಾನು.

‘‘ಎಲ್ಲಿಗೆ ಹೋಗಬೇಕು ನೀವು?’’ ಎಂದಿತು ಮಗು. ಬಸ್ ನಿಲ್ದಾಣ ಎಂದೆ. ‘‘ಎಡಕ್ಕೆ ಹೋಗಿ, ಕನ್ನಡಕದ ಅಂಗಡಿ ದಾಟಿದ್ರೆ ಕಾಣಿಸುತ್ತೆ’’ ಎಂದು ದಾರಿ ಹೇಳಿತು. ಒಳ್ಳೆಯ ಮಗು. ಬೆಳಕಿನಂಥ ಮಗು. ಯಾರಿಗೂ ಹೆದರದ ಹಾಗೆ ಬೆಳೆಸಿದ್ದೀಯ, ಹೇಗೆ ಕಲಿತೆಯೋ ನನಗೆ ಗೊತ್ತಿಲ್ಲ. ನನ್ನಿಂದಂತೂ ಅಲ್ಲ.

ಪೋಸ್ಟ್ ಬಾಕ್ಸ್ ಸಂಖ್ಯೆಗೇ ಇದನ್ನು ಕಳಿಸುತ್ತಿದ್ದೇನೆ. ಮನೆಯ ವಿಳಾಸ ಗೊತ್ತಿಲ್ಲದವಳ ಹಾಗೆಯೇ ಇರುತ್ತೇನೆ. ಮರಿಯ ಮೊದಲ ಕತ್ತರಿಯನ್ನು ನೀನೇ ಹಾಕು. ಮೊಂಡು ತುದಿಯ ಕತ್ತರಿ ತೆಗೆದುಕೊ, ಕಣ್ಣಿಗೆ ನಿನ್ನ ಬೆರಳನ್ನು ಅಡ್ಡವಿಡು. ಮಗು ಅದರ ಎದೆಯ ಮೇಲೆ ಕೈಯಿಟ್ಟುಕೊಂಡಿರಲಿ. ನಾನು ಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಮೊದಲೂ ಬೇಕಾಗಿರಲಿಲ್ಲ, ಬರುವುದಕ್ಕೆ ಒಂದು ನೆವ ಮಾಡಿಕೊಂಡೆ.

ಮಗುವಿಗೆ ದೀರ್ಘಾಯುಸ್ಸಿರಲಿ. ಅವಳ ಅಪ್ಪ ಯಾರೋ, ಅವನಿಗೂ ಒಳ್ಳೆಯದಾಗಲಿ. ನೀನು ನೆಮ್ಮದಿಯಾಗಿರು.

ನಿನ್ನ ಅಮ್ಮ

ಬರೆಯಲು ಮರೆತದ್ದು: ಮರೆತಿರಲಿಲ್ಲ. ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಆ ಸಂಜೆ ಸಿಟ್ಟು ನೆತ್ತಿಗೇರಿತ್ತು ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಎಲ್ಲರಿಗೂ ಹಾಗೆಯೇ ಹೇಳುತ್ತ ಬಂದಿದ್ದೇನೆ. ಸಿಟ್ಟು ಬಂದಿರಲಿಲ್ಲ. ವಾರವಿಡೀ ಯೋಚನೆ ಮಾಡಿ ಇಟ್ಟಿದ್ದೆ. ಟೇಬಲ್ಲಿನ ಕಂಬಕ್ಕಿರುವ ನಾಯಿಗಳ ಕುಣಿಕೆಯನ್ನು ನಿನ್ನ ಕತ್ತಿಗೆ ಹಾಕಿ, ಉಸಿರು ಕಟ್ಟದ ಹಾಗೆ ಎರಡು ಬೆರಳು ತೂರಿಸಿ ನೋಡಿದೆ. ಮೆಷಿನ್ ಬಿಸಿಯಾದಾಗ ನಿಲ್ಲಿಸಿ ಬ್ಲೇಡ್ ಬದಲಾಯಿಸಿದೆ. ಮೊದಲು ನೀನು ಅತ್ತೆ, ಒದ್ದಾಡಿದೆ. ಅರ್ಧ ತಲೆ ಮುಗಿಯುವ ಹೊತ್ತಿಗೆ ಇದ್ದಕ್ಕಿದ್ದಂತೆ ಸುಮ್ಮನಾದೆ, ಕಣ್ಣು ಗೋಡೆಯ ಮೇಲೆ ನಿಂತಿತು. ಕಷ್ಟದ ನಾಯಿಯೊಂದು ಕೊನೆಗೆ ಕೈಗೆ ಬಂದಾಗ ಆಗುವಂಥ ಸಂತೋಷ ನನಗಾಯಿತು. ನಿನ್ನ ಕಿವಿಯ ಹತ್ತಿರ ಬಗ್ಗಿ, ಅವುಗಳಿಗೆ ಹೇಳುವ ಧ್ವನಿಯಲ್ಲೇ ‘‘ಜಾಣೆ’’ ಎಂದೆ. ನೀನು ಕೇಳಿಸಿಕೊಂಡೆ ಎಂದು ನನಗೆ ಗೊತ್ತು.